‘ಪೊಲಿಟಿಕಲ್ ಸೈನ್ಸ್ ಎಂ.ಎ. ಮಾಡ್ಬೇಕಂತೀನ್ರಿ’: ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎ. ಆರನೇ ಸೆಮಿಸ್ಟರಿನ ರಿಸಲ್ಟ್ ಬಿದ್ದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ನಾನು ಹಾವೇರಿ ಜಿಲ್ಲೆಯ ಹಳ್ಳಿಯವ, ಧಾರವಾಡದಲ್ಲಿ ಎಂ.ಎ. ಮುಗಿಸಿದವ, ಈಗ ಒಂದು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವ. ಕೇಳುವ ಹುಡುಗ ಹುಡುಗಿಯರು ವರ್ಷ ವರ್ಷ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಒಂದೇ ಉತ್ತರವನ್ನು ಇಪ್ಪತ್ತು ಸಲ ವಾಯ್ಸ್ ಮೆಸೇಜಿನಲ್ಲಿ ಹೇಳುವ ಬದಲು ಒಮ್ಮೆ ಕೂತು ಬರೆದಿದ್ದೇನೆ.

ಪೊಲಿಟಿಕಲ್ ಸೈನ್ಸ್ ಎಂ.ಎ. ಮಾಡಿದ್ರ ರಾಜಕಾರಣಿ ಆಗಬಹುದಾ?

ಆಗಬಹುದು. ಮಾಡದೆಯೂ ಆಗಬಹುದು. ಚುನಾವಣೆಗೆ ನಿಲ್ಲಲು ಎಂ.ಎ. ಬೇಡ, ಎಂ.ಎ.ಗೆ ಚುನಾವಣೆ ಬೇಕು. ಮುಂದಿನ ಪ್ರಶ್ನೆ.

ಹಂಗಾರ ಎರಡು ವರ್ಷ ಏನ್ ಓದತೀವ್ರಿ? ಬಿ.ಎ.ದಾಗ ಓದಿದ್ದ ಮತ್ತ ಓದೂದಾ?

ಹೆಸರು ಅವೇ ಇರುತ್ತವೆ: ಪ್ಲೇಟೋ, ಅರಿಸ್ಟಾಟಲ್, ಮೆಕಿಯಾವೆಲ್ಲಿ, ಹಾಬ್ಸ್, ಲಾಕ್, ರೂಸೋ, ಮಾರ್ಕ್ಸ್, ಗಾಂಧಿ, ಅಂಬೇಡ್ಕರ್. ನಾಲ್ಕು ಸೆಮಿಸ್ಟರಿನಲ್ಲಿ ರಾಜಕೀಯ ಸಿದ್ಧಾಂತ, ಪಾಶ್ಚಾತ್ಯ ಮತ್ತು ಭಾರತೀಯ ರಾಜಕೀಯ ಚಿಂತನೆ, ತುಲನಾತ್ಮಕ ರಾಜಕಾರಣ, ಅಂತರರಾಷ್ಟ್ರೀಯ ಸಂಬಂಧ, ಸಾರ್ವಜನಿಕ ಆಡಳಿತ, ಭಾರತದ ಮತ್ತು ಕರ್ನಾಟಕದ ರಾಜಕಾರಣ, ಸಂಶೋಧನಾ ವಿಧಾನ, ಇಷ್ಟು ಬಂದೇ ಬರುತ್ತವೆ. ಬಿ.ಎ.ಯಲ್ಲಿ ‘ಹಾಬ್ಸನ ಸಾಮಾಜಿಕ ಒಪ್ಪಂದ ಸಿದ್ಧಾಂತವನ್ನು ವಿವರಿಸಿ’ ಎಂಬುದಕ್ಕೆ ಆರು ಪಾಯಿಂಟ್ ಬರೆದು ಅಡಿಗೆರೆ ಎಳೆದರೆ ಅಂಕ ಬೀಳುತ್ತಿತ್ತು. ಇಲ್ಲಿ ಮೇಷ್ಟ್ರು ‘ಅಂವ ಹಂಗ್ಯಾಕ ಅಂದ?’ ಅಂತ ಕೇಳುತ್ತಾರೆ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಬದುಕಿದವನಿಗೆ ಕೆಟ್ಟ ರಾಜನಿಗಿಂತ ರಾಜನೇ ಇಲ್ಲದ ಸ್ಥಿತಿ ಯಾಕೆ ಭಯ ಹುಟ್ಟಿಸಿತು ಅನ್ನುವುದನ್ನು ಪಾಯಿಂಟ್ ಹಾಕಿ ಬರೆಯಲು ಬರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ನಮ್ಮದೇ ಮಣ್ಣಿನದು. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಹುಟ್ಟಿದ್ದು ಶಿಗ್ಗಾವಿ ತಾಲೂಕಿನ ಕಾರಡಗಿಯಲ್ಲಿ, ರಾಜಕಾರಣ ಮಾಡಿದ್ದು ಹುಬ್ಬಳ್ಳಿಯಲ್ಲಿ. 1989ರ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಹೇರಲು ಬಳಸುವ ಸಂವಿಧಾನದ 356ನೇ ವಿಧಿಯಡಿ ಅವರ ಸರ್ಕಾರ ವಜಾ ಆಯಿತು. ಬೆಂಬಲ ಹಿಂದಕ್ಕೆ ಪಡೆದಿದ್ದೇವೆ ಅಂತ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದ್ದವು. ಅವರಲ್ಲಿ ಕೆಲವರು ಮರುದಿನವೇ ತಿರುಗಿಬಿದ್ದು ‘ನಾವು ಹಾಗಂದಿಲ್ಲ’ ಅಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದ ಮುಖ್ಯಮಂತ್ರಿಗೆ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಒಕ್ಕೂಟ ವ್ಯವಸ್ಥೆ, ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ, ಅಂದರೆ ಸಂಸತ್ತೂ ಕೆಡವಲಾಗದ ಅಡಿಪಾಯದ, ಭಾಗ. ಇವತ್ತು ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಟಿವಿಯವರು ‘ಫ್ಲೋರ್ ಟೆಸ್ಟ್’ ಅಂತ ಕೂಗುವುದರ ಹಿಂದೆ ಇರುವುದು ಈ ಪ್ರಕರಣ.

ಬಿ.ಎ.ಯಲ್ಲಿ ಇದು ಒಂದು ಸಾಲಿನ ಉತ್ತರ. ಎಂ.ಎ.ಯಲ್ಲಿ ಇದನ್ನೇ ಹಿಡಿದು ಒಂದು ತಿಂಗಳು ಓದಬಹುದು: ರಾಜ್ಯಪಾಲರ ಹುದ್ದೆ, ಪಕ್ಷಾಂತರ, ಕೇಂದ್ರ–ರಾಜ್ಯ ಸಂಬಂಧ, ತೀರ್ಪು ಬರುವ ಹೊತ್ತಿಗೆ ವಿಧಾನಸಭೆಯ ಅವಧಿಯೇ ಮುಗಿದುಹೋಗಿದ್ದರೆ ನ್ಯಾಯಕ್ಕೆ ಏನು ಅರ್ಥ. ಈ ಕೊನೆಯ ಪ್ರಶ್ನೆ ಕೇಳಿ ‘ಹೌದಲ್ಲ!’ ಅಂತ ಅನ್ನಿಸಿದರೆ ನೀವು ಎಂ.ಎ.ಗೆ ಸರಿ. ‘ಇದು ಪರೀಕ್ಷೆಗೆ ಬರತೈತೇನ್ರಿ’ ಅನ್ನಿಸಿದರೆ ಇನ್ನೊಮ್ಮೆ ವಿಚಾರ ಮಾಡಿ.

ಯಾರು ಸೇರಬಹುದು? ನಾನು ಬಿ.ಕಾಂ.

ರೆಗ್ಯುಲರ್ ಕೋರ್ಸಿಗೆ ಸಾಮಾನ್ಯವಾಗಿ ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಒಂದು ಮುಖ್ಯ ವಿಷಯವಾಗಿರಬೇಕು. ಸೀಟು ಹಂಚುವುದು ಅಂಕ ಮತ್ತು ಮೀಸಲಾತಿ ರೋಸ್ಟರ್ ಮೇಲೆ. ಬೇರೆ ಪದವಿಯವರಿಗೆ ಇರುವ ಸಲೀಸು ದಾರಿ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ: ಯಾವುದೇ ಪದವಿ ಇದ್ದರೂ ಅಲ್ಲಿ ರಾಜ್ಯಶಾಸ್ತ್ರ ಎಂ.ಎ.ಗೆ ಸೇರಬಹುದು. ಬಿ.ಕಾಂ. ಮಾಡಿದವರು ಹೆದರಬೇಕಿಲ್ಲ, ಬಜೆಟ್ ಕಾಗದ ಓದಲು ಬರುವವರು ನಮ್ಮ ಕ್ಲಾಸಿನಲ್ಲಿ ಯಾವಾಗಲೂ ಕಡಿಮೆ.

ನಾಲ್ಕು ವರ್ಷದ ಆನರ್ಸ್ ಮುಗಿಸಿದವರಿಗೆ ಯುಜಿಸಿ ಚೌಕಟ್ಟಿನಲ್ಲಿ ಒಂದೇ ವರ್ಷದ ಸ್ನಾತಕೋತ್ತರ ಪದವಿಗೂ ಅವಕಾಶ ಇದೆ. ನಿಮ್ಮ ವಿಶ್ವವಿದ್ಯಾಲಯದ ಆ ವರ್ಷದ ಅಧಿಸೂಚನೆಯಲ್ಲಿ ಅದು ಇದ್ದರೆ ಮಾತ್ರ ಲೆಕ್ಕಕ್ಕೆ. ‘ಗೆಳ್ಯಾ ಹೇಳಿದ್ದ’ ಅನ್ನುವುದು ಅಧಿಸೂಚನೆ ಅಲ್ಲ.

ನಮ್ಮ ಕಡೆ ಎಲ್ಲೆಲ್ಲಿ ಓದಬಹುದು?

ಮೊದಲ ಹೆಸರು ಕರ್ನಾಟಕ ವಿಶ್ವವಿದ್ಯಾಲಯ, ಅಂದರೆ ಧಾರವಾಡದ ಪಾವಟೆ ನಗರದ ಗುಡ್ಡ. 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ ಇದು. ಆವಾಗಿನ್ನೂ ಕರ್ನಾಟಕ ಅಂತ ರಾಜ್ಯವೇ ಇರಲಿಲ್ಲ; ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ರಾಜ್ಯಕ್ಕಿಂತ ಮೊದಲು ವಿಶ್ವವಿದ್ಯಾಲಯ ಬಂದ ಊರಿನಲ್ಲಿ ರಾಜ್ಯಶಾಸ್ತ್ರ ಓದುವುದು ನನಗಂತೂ ಖುಷಿಯ ಸಂಗತಿ. ಬಸವನಾಳ ಅವರ ಹೆಸರಿನ ಲೈಬ್ರರಿ ಅಲ್ಲೇ ಇದೆ. ಮೊದಲ ವಾರವೇ ಕಾರ್ಡ್ ಮಾಡಿಸಿ, ಮೂರನೇ ಸೆಮಿಸ್ಟರಿನಲ್ಲಿ ಮಾಡಿಸಿದ ನನ್ನ ಹಾಗೆ ಮಾಡಬೇಡಿ.

ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿ ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತು, ಆಮೇಲೆ ಅದೇ ಹಾವೇರಿ ವಿಶ್ವವಿದ್ಯಾಲಯ ಆಯಿತು. ಒಂದೇ ಸಲಕ್ಕೆ ಹುಟ್ಟಿದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಾವೇರಿಯೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎತ್ತಿದಾಗ ಹುಡುಗರು ಬೀದಿಗಿಳಿದರು. ಅರ್ಜಿ ಹಾಕುವ ವರ್ಷ ನೀವು ನೋಡಬೇಕಾದ್ದು ಎರಡೇ: ನಿಮ್ಮ ವಿಷಯ ಆ ವರ್ಷ ಅಲ್ಲಿದೆಯೇ, ಕೊನೆಗೆ ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ. ಎರಡನ್ನೂ ಆಫೀಸಿಗೆ ಹೋಗಿ ಕೇಳಿ.

ಗದಗಿನವರಿಗೆ ಇನ್ನೊಂದು ದಾರಿ ಇದೆ. ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರ ಕಾಯ್ದೆಯಿಂದ ಬಂದದ್ದು. ಅಲ್ಲಿಯ ಓದು ಸಿದ್ಧಾಂತಕ್ಕಿಂತ ಆಡಳಿತ ಮತ್ತು ಹಳ್ಳಿಯ ಕೆಲಸದ ಕಡೆ ವಾಲಿದ್ದು. ಹಾಬ್ಸ್, ರೂಸೋ ಅಂದರೆ ಆಕಳಿಕೆ, ಉದ್ಯೋಗ ಖಾತ್ರಿ ಕಾಮಗಾರಿ ಕಡತ ಅಂದರೆ ಕುತೂಹಲ, ಇಂಥವರಿಗೆ ಅದೇ ಹೆಚ್ಚು ಹೊಂದುತ್ತದೆ. ದೇಶದ ಮೊದಲ ಕೃಷಿ ಸಹಕಾರ ಪತ್ತಿನ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳ ಗದಗಿಗೆ ಕೂಗಳತೆಯಲ್ಲಿದೆ. ಸಹಕಾರ ರಂಗದ ರಾಜಕಾರಣ ಓದುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಹೈದರಾಬಾದ್ ವಿಶ್ವವಿದ್ಯಾಲಯ, ಜೆಎನ್‌ಯುಗೆ ಹೋಗುವ ಮನಸ್ಸಿದ್ದವರು ಸಿಯುಇಟಿ–ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಕಡೆಯವರು ‘ನಮಗೆಲ್ಲಿ ಆಗತೈತ್ರಿ’ ಅಂತ ಅರ್ಜಿಯನ್ನೇ ಹಾಕುವುದಿಲ್ಲ, ಇದು ನನ್ನ ಹಳೆಯ ಸಿಟ್ಟು.

ನಾನು ಪೂರ್ತಿ ಕನ್ನಡ ಮೀಡಿಯಂ. ನಡೀತದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ತಗ್ಗಿದ ದನಿಯಲ್ಲೇ ಕೇಳುತ್ತಾರೆ.

ನಡೆಯುತ್ತದೆ. ನನ್ನ ಬ್ಯಾಚಿನಲ್ಲಿ ಮುಕ್ಕಾಲು ಜನ ಉತ್ತರ ಬರೆದದ್ದು ಕನ್ನಡದಲ್ಲೇ. ಬರೆಯುವುದು ಕಷ್ಟವಲ್ಲ, ಓದುವುದು ಕಷ್ಟ. ಈ ಶಾಸ್ತ್ರದ ಮೂಲ ಪುಸ್ತಕ, ಪತ್ರಿಕೆ, ತೀರ್ಪು ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಸಿಗುವ ಬಹಳಷ್ಟು ಗೈಡುಗಳು ಒಂದರ ನಕಲು ಇನ್ನೊಂದು. ಒಂದರಲ್ಲಿ ಇಸವಿ ತಪ್ಪಿದ್ದರೆ ಐದರಲ್ಲೂ ಅದೇ ತಪ್ಪು.

ನನ್ನ ಮೊದಲ ಸೆಮಿನಾರ್ ಇನ್ನೂ ನೆನಪಿದೆ. ವಿಷಯ ‘ರಾಜ್ಯ’. ಪಿಯುಸಿಯಿಂದ ಬಾಯಿಪಾಠ ಆಗಿದ್ದನ್ನು ಹೇಳಿದೆ: ರಾಜ್ಯಕ್ಕೆ ನಾಲ್ಕು ಘಟಕ, ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಹಿಂದಿನ ಬೆಂಚಿನಲ್ಲಿ ಕೂತಿದ್ದ ರೋಣದ ಕಡೆಯ ಹುಡುಗಿ ಎದ್ದು ಕೇಳಿದಳು: ‘ಕರ್ನಾಟಕನೂ ರಾಜ್ಯನ. ಅದಕ್ಕ ಪರಮಾಧಿಕಾರ ಎಲ್ಲೈತಿ?’ ನಾನು ಬೋರ್ಡಿನ ಕಡೆ ತಿರುಗಿ ನಿಂತೆ. ಕೈಯಲ್ಲಿ ಸೀಮೆಸುಣ್ಣ ಮುರಿದದ್ದು ಈಗಲೂ ನೆನಪಿದೆ.

ಅವಳದು ತುಂಟ ಪ್ರಶ್ನೆ ಆಗಿರಲಿಲ್ಲ. ಕನ್ನಡದಲ್ಲಿ ಎರಡು ಬೇರೆ ಬೇರೆ ಸಂಗತಿಗೂ ‘ರಾಜ್ಯ’ ಅಂತಲೇ ಅನ್ನುತ್ತೇವೆ: ಒಕ್ಕೂಟದ ಒಂದು ಭಾಗವಾದ ರಾಜ್ಯ, ಮತ್ತು ಪೊಲೀಸು, ಸೈನ್ಯ, ತೆರಿಗೆ ಎಲ್ಲ ಇರುವ ಇಡೀ ಯಂತ್ರವಾದ ರಾಜ್ಯ. ಎರಡನೆಯದಕ್ಕೆ ಕೆಲವರು ‘ಪ್ರಭುತ್ವ’ ಅನ್ನುತ್ತಾರೆ. ಸಂವಿಧಾನದ 12ನೇ ವಿಧಿಯಲ್ಲಿ ಬರುವ ‘ರಾಜ್ಯ’ ಇನ್ನೂ ಅಗಲ, ಮೂಲಭೂತ ಹಕ್ಕಿನ ಲೆಕ್ಕಕ್ಕೆ ನಿಮ್ಮೂರಿನ ಪಂಚಾಯತಿಯೂ ಅದರೊಳಗೆ ಬರುತ್ತದೆ. ಇನ್ನು ‘ಸೆಕ್ಯುಲರ್’ ಅನ್ನುವುದಕ್ಕೆ ನಮ್ಮಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಅಂತ ಮೂರು ಮಾತು. ಒಂದು ಜಾತಿಯನ್ನು ದಾಟು ಅನ್ನುತ್ತದೆ, ಒಂದು ಧರ್ಮದಿಂದ ದೂರ ನಿಲ್ಲು ಅನ್ನುತ್ತದೆ, ಇನ್ನೊಂದು ಎಲ್ಲ ಧರ್ಮವನ್ನೂ ಸಮನಾಗಿ ನೋಡು ಅನ್ನುತ್ತದೆ. ಮೂರೂ ಒಂದೇ ಅಲ್ಲ. ಇಂಗ್ಲಿಷಿನಲ್ಲೇ ಓದುವವನಿಗೆ ಈ ಮೂರರ ತೊಡಕು ಕಾಣುವುದೇ ಇಲ್ಲ. ಕನ್ನಡದಲ್ಲಿ ಯೋಚಿಸುವವರ ಲಾಭ ಇರುವುದು ಇಲ್ಲಿ.

ಮಾಡಬೇಕಾದ್ದು ಇಷ್ಟು. ಭಾರತ ಸಂವಿಧಾನದ ಕನ್ನಡ ಪ್ರತಿ ಒಂದು, ಇಂಗ್ಲಿಷ್ ಪ್ರತಿ ಒಂದು ತೆಗೆದುಕೊಂಡು ಪಕ್ಕಪಕ್ಕ ಇಟ್ಟು ದಿನಕ್ಕೆ ಎರಡು ವಿಧಿ ಓದಿ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮಗೆ ತಿಳಿದಂತೆ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಬರೆದುಕೊಳ್ಳಿ, ಬರೀ ಅರ್ಥ ಬರೆದರೆ ಸಾಲದು. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿನ ಒಂದು ಪುಟಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ನಾಲ್ಕನೆಯದಕ್ಕೆ ಐದು ನಿಮಿಷ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯಬೇಡಿ. ನಿಮಗೆ ಬೇಕಾದ್ದು ಓದುವ ಇಂಗ್ಲಿಷು.

ಡಿಸ್ಟೆನ್ಸ್‌ನಾಗ ಮಾಡಿದ್ರ ಕಿಮ್ಮತ್ತು ಐತಿ?

ಇದೆ. ಯುಜಿಸಿಯ ದೂರಶಿಕ್ಷಣ ವಿಭಾಗದ ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿ ರೆಗ್ಯುಲರ್ ಪದವಿಗೆ ಸಮ. ಇಗ್ನೋದಲ್ಲಿ ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸಲ ಪ್ರವೇಶ. ಕನಿಷ್ಠ ಎರಡು ವರ್ಷ, ಗರಿಷ್ಠ ನಾಲ್ಕು ವರ್ಷ. ಅಡ್ಡಿ ಒಂದೇ: ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ. ಕನ್ನಡದಲ್ಲೇ ಬರೆಯುವವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಡೆ ನೋಡುತ್ತಾರೆ. ಅದರ ಮಾನ್ಯತೆ 2013–14ರಿಂದ ಕೆಲವು ವರ್ಷ ತಪ್ಪಿಹೋಗಿ 2018ರಲ್ಲಿ ಮರಳಿ ಸಿಕ್ಕಿತು. ನಡುವೆ ಸಿಕ್ಕಿಕೊಂಡವರು ಪಟ್ಟ ಪಾಡು ಕಂಡವರಿಗೆ ಗೊತ್ತು. ಆದ್ದರಿಂದ ಯಾವ ವಿಶ್ವವಿದ್ಯಾಲಯವೇ ಆಗಲಿ, ನೀವು ಸೇರುವ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಅಂತ ಯುಜಿಸಿ ಪಟ್ಟಿಯಲ್ಲಿ ನೋಡಿ, ಆ ಪುಟ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ಕೆಲಸದಲ್ಲಿರುವವರಿಗೆ, ಸಣ್ಣ ಮಕ್ಕಳಿರುವವರಿಗೆ ಇದೇ ದಾರಿ. ಆದರೆ ಇಪ್ಪತ್ತೊಂದು ವರ್ಷದವರು, ಮನೆಯಲ್ಲಿ ಕಳಿಸುವ ಮನಸ್ಸಿದ್ದರೆ, ರೆಗ್ಯುಲರ್‌ಗೇ ಹೋಗಿ. ನಿಮ್ಮ ಮಾತಿಗೆ ‘ಅದು ತಪ್ಪು’ ಅನ್ನುವ ಇಪ್ಪತ್ತು ಜನ ಪೋಸ್ಟಿನಲ್ಲಿ ಬರುವುದಿಲ್ಲ.

ಖರ್ಚು, ಹಾಸ್ಟೆಲ್, ಓಡಾಟ?

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫೀ ದೊಡ್ಡ ಹೊರೆ ಅಲ್ಲ, ಊಟ ಮತ್ತು ರೂಮೇ ಹೊರೆ. ವಿಶ್ವವಿದ್ಯಾಲಯದ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್ ಎಲ್ಲಕ್ಕೂ ಅರ್ಜಿ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆ ಇದೆ. ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ. ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಒಂದರಲ್ಲಿ ‘ಬಸವರಾಜ’, ಇನ್ನೊಂದರಲ್ಲಿ ‘ಬಸವರಾಜ್’ ಇದ್ದು ಒಂದು ವರ್ಷದ ದುಡ್ಡು ಕೈತಪ್ಪಿದ ಹುಡುಗನೊಬ್ಬ ನನ್ನ ಕ್ಲಾಸಿನಲ್ಲೇ ಇದ್ದ.

ಹುಬ್ಬಳ್ಳಿಯವರು ಚಿಗರಿ ಬಸ್ಸಿನಲ್ಲಿ ದಿನಾ ಓಡಾಡಬಹುದು. ಗದಗಿನಿಂದ ದಿನಾ ಬರುವವರೂ ಇದ್ದಾರೆ, ಆದರೆ ಹೋಗಿ ಬರುವುದರಲ್ಲೇ ಲೈಬ್ರರಿಯ ಹೊತ್ತು ಕಳೆಯುತ್ತದೆ. ಹಾವೇರಿಯಿಂದ ಧಾರವಾಡಕ್ಕೆ ದಿನಾ ಅನ್ನುವುದು ಹುಚ್ಚು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅದಾದ ಮೇಲೆ ‘ಬಸ್ ಚಾರ್ಜಿಗೆ ರೊಕ್ಕಿಲ್ಲ’ ಅಂತ ಓದು ಬಿಡಿಸುವ ಮಾತು ನನ್ನ ಕಿವಿಗೆ ಕಡಿಮೆ ಬೀಳುತ್ತಿದೆ.

ಡಿಸರ್ಟೇಶನ್‌ಗೆ ಏನ್ ವಿಷಯ ತಗೊಳ್ಳಿ?

ಡಿಸರ್ಟೇಶನ್ ಅಂದರೆ ನೀವೇ ಸಂಶೋಧನೆ ಮಾಡಿ ಬರೆಯುವ ಪ್ರಬಂಧ. ‘ಭಾರತ–ಅಮೆರಿಕ ಸಂಬಂಧಗಳು: ಒಂದು ಅಧ್ಯಯನ’ ಬೇಡ. ಕೈ ಮುಗಿಯುತ್ತೇನೆ, ಬೇಡ. ಆರು ತಿಂಗಳಲ್ಲಿ ನೀವು ವಾಷಿಂಗ್ಟನ್ನಿಗೂ ಹೋಗುವುದಿಲ್ಲ, ದಿಲ್ಲಿಗೂ ಹೋಗುವುದಿಲ್ಲ. ಹತ್ತು ಪುಸ್ತಕದಿಂದ ಎತ್ತಿ ಹನ್ನೊಂದನೆಯದು ಮಾಡುತ್ತೀರಿ ಅಷ್ಟೆ.

ಕಾಲಬುಡದಲ್ಲಿ ನೋಡಿ. ಹಾವೇರಿ ಜಿಲ್ಲೆಯ ಶಿಗ್ಗಾವಿ ಲೋಕಸಭೆಗೆ ಧಾರವಾಡ ಕ್ಷೇತ್ರದಲ್ಲಿದೆ. ಗದಗ, ರೋಣ, ಶಿರಹಟ್ಟಿ ಹಾವೇರಿ ಕ್ಷೇತ್ರದಲ್ಲಿವೆ. ಗದಗ ಜಿಲ್ಲೆಯದೇ ನರಗುಂದ ಬಾಗಲಕೋಟೆಯಲ್ಲಿ. ಜಿಲ್ಲೆಯ ಗೆರೆ ಒಂದು ಕಡೆ, ಮತದ ಗೆರೆ ಇನ್ನೊಂದು ಕಡೆ. ಕೆಲಸ ಆಗಬೇಕಾದಾಗ ನರಗುಂದದ ರೈತ ಯಾರ ಬಾಗಿಲಿಗೆ ಹೋಗುತ್ತಾನೆ? ಇದೊಂದೇ ಸಾಕು ಒಂದು ಒಳ್ಳೆಯ ಡಿಸರ್ಟೇಶನ್ನಿಗೆ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು, ರಾಜ್ಯದ ರೈತ ಚಳವಳಿ ಹೊತ್ತಿಕೊಂಡಿತು. 2015ರಲ್ಲಿ ಅದೇ ನರಗುಂದದಲ್ಲಿ ಮಹದಾಯಿ ನದಿಯ ನೀರಿಗಾಗಿ ಧರಣಿ ಕೂತರು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿತು, ಅದರಲ್ಲಿ ಕಳಸಾ–ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು 3.9 ಮಾತ್ರ. 1980ರ ಕಥೆಯನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಕಟ್ಟೆಯ ಮೇಲೆ ಸಿಗುತ್ತಾರೆ. ಬೇಗ ಹೋಗಿ. ಹುಬ್ಬಳ್ಳಿ–ಧಾರವಾಡದ ಪಾಲಿಕೆ, ‘ಧಾರವಾಡಕ್ಕೆ ಬೇರೆ ಪಾಲಿಕೆ ಬೇಕು’ ಅನ್ನುವ ಹೋರಾಟ, 1953ರಲ್ಲಿ ಕರ್ನಾಟಕ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರ ಉಪವಾಸ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ 2024ರ ಮಾರ್ಚಿನಲ್ಲಿ ಬೆಲೆ ಬಿದ್ದು ರೈತರು ಸಿಡಿದೆದ್ದದ್ದು, ಎಣಿಸುತ್ತ ಹೋದರೆ ಮುಗಿಯದು.

ನಾನು ತೆಗೆದುಕೊಂಡದ್ದು ಪಂಚಾಯತಿಯ ಮಹಿಳಾ ಅಧ್ಯಕ್ಷರ ವಿಷಯ. ಪಂಚಾಯತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಬರುವ ಮೊದಲೇ, 1987ರ ಪಂಚಾಯತಿ ಚುನಾವಣೆಯಲ್ಲೇ ಕರ್ನಾಟಕ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟಿತ್ತು, 2010ರಲ್ಲಿ ಅದು ಶೇ 50 ಆಯಿತು. ನಲವತ್ತು ಪ್ರಶ್ನೆಗಳ ಪಟ್ಟಿ ಝೆರಾಕ್ಸ್ ಮಾಡಿಸಿಕೊಂಡು ಒಂದು ಗ್ರಾಮ ಪಂಚಾಯತಿಗೆ ಹೋದೆ. ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು. ‘ಸಭೆಯಲ್ಲಿ ನೀವು ಮಾತಾಡುತ್ತೀರಾ?’ ‘ಹ್ಞೂಂ, ಮಾತಾಡ್ತಾಳ’, ಉತ್ತರ ಯಜಮಾನರದು. ‘ನಿರ್ಧಾರ ನೀವೇ ತೆಗೆದುಕೊಳ್ಳುತ್ತೀರಾ?’ ‘ಹ್ಞೂಂ, ತಗೋತಾಳ.’ ನಲವತ್ತಕ್ಕೂ ‘ಹೌದು’ ಕಾಲಮ್ಮಿನಲ್ಲಿ ಟಿಕ್. ಅಷ್ಟರಲ್ಲಿ ಯಾರೋ ಕರೆದರು, ಯಜಮಾನರು ಚಹಾ ಕುಡಿಯಲು ಹೊರಗೆ ಹೋದರು. ಆ ತಾಯಿ ಸೆರಗು ಸರಿಮಾಡಿಕೊಂಡು ಕುರ್ಚಿ ನನ್ನ ಕಡೆ ಎಳೆದುಕೊಂಡರು. ‘ಮೂರನೇ ವಾರ್ಡಿನ ಬೋರಿನ ಮೋಟರ್ ವರ್ಷದಾಗ ಎರಡು ಸಲ ಸುಟ್ಟೈತಿ. ಎರಡೂ ಸಲ ಬಿಲ್ ಒಬ್ಬನ ಮಾಡ್ಯಾನ. ಎರಡನೇದಕ್ಕ ನಾ ಸಹಿ ಮಾಡಿಲ್ಲ. ಇದನ್ನ ನಿಮ್ಮ ಕಾಗದದಾಗ ಎಲ್ಲಿ ಬರಕೋತೀರಿ?’

ಬರೆದುಕೊಳ್ಳಲು ನನ್ನ ಕಾಗದದಲ್ಲಿ ಜಾಗವೇ ಇರಲಿಲ್ಲ. ಗೈಡ್ ಆಗಿದ್ದ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ನಲವತ್ತು ಟಿಕ್ಕಿನ ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟು, ‘ಇದನ್ನ ಅಪೆಂಡಿಕ್ಸಿನಾಗ ಹಾಕು. ಆ ಮೋಟರಿನ ಕಥಿ ಇಟ್ಕೊಂಡು ಚಾಪ್ಟರ್ ಬರಿ’ ಅಂದರು. ಸಂಶೋಧನಾ ವಿಧಾನ ಅಂತ ಒಂದು ಇಡೀ ಪೇಪರ್ ಓದಿದ್ದೆ. ತಲೆಗೆ ಹೋದದ್ದು ಅವತ್ತು.

ನೆಟ್, ಕೆ–ಸೆಟ್ ಯಾವಾಗ ಬರೀಬೇಕು?

ಎರಡೂ ಕಾಲೇಜಿನಲ್ಲಿ ಪಾಠ ಹೇಳಲು ಬೇಕಾದ ಅರ್ಹತಾ ಪರೀಕ್ಷೆಗಳು, ನೆಟ್ ದೇಶದ್ದು, ಕೆ–ಸೆಟ್ ರಾಜ್ಯದ್ದು. ಬರೆಯಬೇಕಾದ್ದು ಎಂ.ಎ. ಎರಡನೇ ವರ್ಷದಲ್ಲೇ. ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ನೆಟ್‌ನಲ್ಲಿ ಮೂರು ಗಂಟೆಗೆ 150 ಪ್ರಶ್ನೆ, 300 ಅಂಕ: ಎಲ್ಲರಿಗೂ ಒಂದೇ ಆದ ಮೊದಲ ಪತ್ರಿಕೆಗೆ 50, ನಿಮ್ಮ ವಿಷಯಕ್ಕೆ 100. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕೆ–ಸೆಟ್‌ನಲ್ಲಿ ಕನ್ನಡವೂ ಇರುತ್ತದೆ, ಅದನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಕೆ–ಸೆಟ್ ಆದರೆ ಕರ್ನಾಟಕದೊಳಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ; ನೆಟ್ ಆದರೆ ದೇಶದಾದ್ಯಂತ. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಕೂಡ ಸಿಕ್ಕಿದರೆ ಸಂಶೋಧನೆಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000.

ಎಂ.ಎ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಎಸ್‌ಸಿ, ಎಸ್‌ಟಿ, ಕೆನೆಪದರದಲ್ಲಿರದ ಒಬಿಸಿಯವರಿಗೆ ಶೇ 50 ಬೇಕು. ರೌಂಡ್ ಮಾಡುವುದಿಲ್ಲ, 54.7 ಅಂದರೆ 54.7. ನನ್ನ ರೂಮ್‌ಮೇಟ್ ಅಷ್ಟರಲ್ಲೇ ನಿಂತ. ಓದುವುದರಲ್ಲಿ ನಮಗೆಲ್ಲ ಅವನೇ ಮುಂದು, ಎರಡನೇ ಸೆಮಿಸ್ಟರಿನಲ್ಲಿ ಅಕ್ಕನ ಮದುವೆಗೆ ಊರಿಗೆ ಹೋಗಿ ಇಂಟರ್ನಲ್ಸ್ ಬಿಟ್ಟಿದ್ದ.

ಯುಪಿಎಸ್‌ಸಿ, ಕೆಎಎಸ್‌ಗೆ ಅನುಕೂಲ ಆಗತೈತಾ?

ಯುಪಿಎಸ್‌ಸಿಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ಐಚ್ಛಿಕ ವಿಷಯ, ತಲಾ 250 ಅಂಕದ ಎರಡು ಪತ್ರಿಕೆ. ಮುಖ್ಯ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಅಲ್ಲಿ ಎಂ.ಎ. ಓದು ನೇರವಾಗಿ ಕೈಹಿಡಿಯುತ್ತದೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯವೇ ಇಲ್ಲ: ಒಂದು ಪ್ರಬಂಧ, ನಾಲ್ಕು ಸಾಮಾನ್ಯ ಅಧ್ಯಯನ. ಆದ್ದರಿಂದ ಬರೀ ಕೆಎಎಸ್ಸಿಗೋಸ್ಕರ ಎಂ.ಎ. ಮಾಡುತ್ತೇನೆ ಅಂದರೆ ಆ ಲೆಕ್ಕ ಕೂಡುವುದಿಲ್ಲ. ಪಿಡಿಒ ಪರೀಕ್ಷೆಗೆ ಪಂಚಾಯತ್ ರಾಜ್ ಓದು ಖಂಡಿತ ಉಪಯೋಗ.

ಸಪ್ತಾಪುರದ ಬಗ್ಗೆ ಒಂದು ಮಾತು. ಧಾರವಾಡದ ಆ ಬೀದಿಗಳಲ್ಲಿ ಕೋಚಿಂಗ್ ಬೋರ್ಡುಗಳ ನಡುವೆ ಆಕಾಶ ಕಾಣುವುದು ಕಷ್ಟ. ಹಾಸ್ಟೆಲ್ ಸಿಗುತ್ತದೆ ಅಂತ ಎಂ.ಎ.ಗೆ ಹೆಸರು ಹಚ್ಚಿ, ಹಗಲೆಲ್ಲ ಸಪ್ತಾಪುರದಲ್ಲಿ ಕೂತು, ಪರೀಕ್ಷೆಗೆ ಮೂರು ದಿನ ಮುಂಚೆ ನೋಟ್ಸ್ ಕೇಳಿಕೊಂಡು ಬರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರ ಬಡತನ, ಅವಸರ ನನಗೆ ಅರ್ಥ ಆಗುತ್ತದೆ, ಬೈಯಲು ಮನಸ್ಸಿಲ್ಲ. ಆದರೆ ಐದು ವರ್ಷ ಆದ ಮೇಲೆ ಹುದ್ದೆಯೂ ಸಿಗದೆ, ವಿಷಯವೂ ಬಾರದೆ, ‘ಸರ, ಗೆಸ್ಟ್ ಪೋಸ್ಟ್ ಏನರ ಇದ್ರ ಹೇಳ್ರಿ’ ಅಂತ ಬರುವವರಲ್ಲಿ ಇವರೇ ಹೆಚ್ಚು.

ಬ್ಯಾರೆ ನೌಕರಿ?

ಪಿಯು ಉಪನ್ಯಾಸಕ ಹುದ್ದೆಗೆ ಎಂ.ಎ. ಜೊತೆ ಬಿ.ಎಡ್. ಕೇಳುವುದು ರೂಢಿ. ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆ–ಸೆಟ್. ಸರ್ಕಾರಿ ಡಿಗ್ರಿ ಕಾಲೇಜುಗಳಿಗೆ 2021ರಲ್ಲಿ 1,242 ಹುದ್ದೆ ಕರೆದಿದ್ದರು, ಎಲ್ಲ ವಿಷಯಗಳೂ ಸೇರಿ. ಅಂಥ ಕರೆ ವರ್ಷ ವರ್ಷ ಬರುವುದಿಲ್ಲ. ನಡುವಿನ ವರ್ಷಗಳನ್ನು ತುಂಬುವವರು ಅತಿಥಿ ಉಪನ್ಯಾಸಕರು. ಅತಿಥಿ ಅನ್ನುವ ಮಾತಿಗೆ ನಮ್ಮ ಕಡೆ ಬಹಳ ಮರ್ಯಾದೆ ಇದೆ, ಈ ಒಂದು ಜಾಗ ಬಿಟ್ಟು. ನಾನೂ ಏಳು ವರ್ಷ ಅತಿಥಿಯಾಗಿದ್ದೆ. ಒಂದು ಕಾಲೇಜಿನಲ್ಲಿ ಐದು ತಿಂಗಳ ಸಂಬಳ ಒಟ್ಟಿಗೆ ಬಂದಾಗ ಕಿರಾಣಿ ಅಂಗಡಿಯವರು ನನಗಿಂತ ಹೆಚ್ಚು ಖುಷಿಪಟ್ಟರು.

ಪತ್ರಿಕೋದ್ಯಮ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರಕಾರ್ಯ, ಚುನಾವಣೆ ಹೊತ್ತಿನ ಸಮೀಕ್ಷೆ, ಶಾಸಕರ ಕಚೇರಿಯ ಕಡತದ ಕೆಲಸ ಇವೂ ಇವೆ. ಇವುಗಳಿಗೆ ಕೇಳುವುದು ಎಂ.ಎ. ಅಂಕಪಟ್ಟಿಯನ್ನಲ್ಲ, ಒಂದು ಪುಟ ತಪ್ಪಿಲ್ಲದೆ ಬರೆಯಲು ಬರುತ್ತದೆಯೇ ಅಂತ. ಕಾನೂನು ಓದುವ ಆಸೆ ಇದ್ದರೆ ಎಂ.ಎ.ಗಿಂತ ಮೊದಲೇ ಆ ಬಗ್ಗೆ ಯೋಚಿಸಿ. ಹುಬ್ಬಳ್ಳಿಯ ನವನಗರದಲ್ಲೇ ಕಾನೂನು ವಿಶ್ವವಿದ್ಯಾಲಯ ಇದೆ.

ಪಿಎಚ್‌ಡಿ?

ಎಂ.ಫಿಲ್ ಈಗ ಇಲ್ಲ, 2022ರ ಯುಜಿಸಿ ನಿಯಮ ಅದನ್ನು ತೆಗೆದುಹಾಕಿತು. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ನಿಮ್ಮಲ್ಲಿ ಪ್ರಶ್ನೆ ಇದ್ದರೆ ಮಾಡಿ. ಹೆಸರಿನ ಮುಂದೆ ಡಾಕ್ಟರ್ ಹಾಕಿಸಿಕೊಳ್ಳಲು ಆದರೆ ಆರು ವರ್ಷ ಬಹಳ ಆಯಿತು.

ಮನ್ಯಾಗ ‘ಎಂ.ಎ. ಮುಗಿಸೂದ್ರಾಗ ವಯಸ್ಸಾಗತೈತಿ, ಗಂಡ ಸಿಗೂದಿಲ್ಲ’ ಅಂತಾರ.

ಈ ಪ್ರಶ್ನೆ ಹಾಕುವವರ ನಂಬರು ಬಹುತೇಕ ಅಣ್ಣನದೋ ಅಪ್ಪನದೋ ಆಗಿರುತ್ತದೆ, ಮೆಸೇಜು ಕಳಿಸಿ ಅಳಿಸಿರುತ್ತಾರೆ. ನನ್ನ ಕಡೆ ದೊಡ್ಡ ಉಪಾಯವೇನಿಲ್ಲ. ಮೊದಲು ಹಾಸ್ಟೆಲ್ ಸೀಟು ಪಕ್ಕಾ ಮಾಡಿಕೊಂಡು ಆಮೇಲೆ ಮನೆಯಲ್ಲಿ ಮಾತು ತೆಗೆಯಿರಿ. ‘ಕಳಸಬೇಕೋ ಬ್ಯಾಡೋ’ ಅನ್ನುವ ಮಾತು ‘ಯಾವತ್ತ ಹೊಂಟಿ’ ಅಂತ ಆಗುವುದಕ್ಕೆ ಅದು ಸಹಾಯ ಮಾಡುತ್ತದೆ. ಅಪ್ಪ ಒಮ್ಮೆ ಬಂದು ಕ್ಯಾಂಪಸ್ ನೋಡಲಿ, ಲೈನ್ ಬಜಾರಿನಲ್ಲಿ ಪೇಡೆ ತಗೊಂಡು ಹೋಗಲಿ. ನಗಬೇಡಿ, ಮೂರು ಮನೆಯಲ್ಲಿ ಇದು ಕೆಲಸ ಮಾಡಿದ್ದು ನೋಡಿದ್ದೇನೆ.

ಓಟಿನ ಬಗ್ಗೆ ಓದತೀವಿ. ನಮಗ ಪದವೀಧರರಿಗೆ ಬ್ಯಾರೆ ಓಟು ಐತಂತ?

ಇದೆ. ಯಾರೂ ಕೇಳದ ಪ್ರಶ್ನೆ ಇದು, ಕಳೆದ ವರ್ಷ ಒಬ್ಬನೇ ಒಬ್ಬ ಕೇಳಿದ್ದಕ್ಕೆ ಸೇರಿಸಿದ್ದೇನೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರದು, ಏಳು ಶಿಕ್ಷಕರದು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿ ಪಶ್ಚಿಮ ಪದವೀಧರ ಕ್ಷೇತ್ರ. ಪದವಿ ಮುಗಿದು ಮೂರು ವರ್ಷ ಆಗಿರಬೇಕು, ನಮೂನೆ 18ರಲ್ಲಿ ಅರ್ಜಿ ಹಾಕಬೇಕು. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಆಗುವುದರಿಂದ ಕಳೆದ ಸಲದ ಹೆಸರು ನಡೆಯುವುದಿಲ್ಲ. ನನ್ನ ಎಂ.ಎ. ಬ್ಯಾಚಿನ ಗುಂಪಿನಲ್ಲಿ ಹೋದ ಸಲ ಕೇಳಿದೆ: ಹೆಸರು ಹಚ್ಚಿಸಿದ್ದವರು ನಾಲ್ವರು. ಎಲ್ಲರೂ ರಾಜ್ಯಶಾಸ್ತ್ರದವರೇ.

ಕ್ಲಾಸು ಶುರು ಆಗೂಮಟ ಏನ್ ಓದ್ಲಿ?

ಸಂವಿಧಾನದ ಮೂರು, ನಾಲ್ಕು ಮತ್ತು ಒಂಬತ್ತನೇ ಭಾಗ. ದಿನಾ ಒಂದು ಕನ್ನಡ ಪತ್ರಿಕೆಯ ಜಿಲ್ಲಾ ಪುಟ. ಸಂಪಾದಕೀಯಕ್ಕಿಂತ ಮೊದಲು ಜಿಲ್ಲಾ ಪುಟ. ಆಮೇಲೆ ನಿಮ್ಮೂರಿನ ಗ್ರಾಮ ಸಭೆಗೆ ಒಂದು ನೋಟುಬುಕ್ ಹಿಡಿದು ಹೋಗಿ, ಹಿಂದೆ ಗೋಡೆಗೆ ಒರಗಿ ಕೂತುಕೊಳ್ಳಿ. ಯಾರು ಕುರ್ಚಿಯ ಮೇಲೆ, ಯಾರು ನೆಲದ ಮೇಲೆ, ಯಾರು ಬಾಗಿಲ ಹೊರಗೆ ನಿಂತರು. ಯಾರು ಮಾತಾಡಿದರು, ಯಾರ ಮಾತು ನಡಾವಳಿಯಲ್ಲಿ ಬಂತು, ಯಾರದು ಬರಲಿಲ್ಲ, ಇಷ್ಟು ಬರೆದುಕೊಳ್ಳಿ. ಸಭೆ ಯಾವತ್ತು ಅಂತ ಪಂಚಾಯತಿ ಗೋಡೆಗೆ ನೋಟೀಸ್ ಅಂಟಿಸಿರುತ್ತಾರೆ. ಅಂಟಿಸಿರದಿದ್ದರೆ, ಅದೇ ನಿಮ್ಮ ನೋಟುಬುಕ್ಕಿನ ಮೊದಲ ಸಾಲು.